ಕೋವಿಯಿಲ್ಲದ ಕಾವಲು

1997ರ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪಕ್ಕೆ ಬಂದಿಳಿದ ಕದನವಿರಾಮ ವೀಕ್ಷಕರ ಬಳಿ ಒಂದು ಪಿಸ್ತೂಲೂ ಇರಲಿಲ್ಲ. ನ್ಯೂಜಿಲೆಂಡ್ ಮುಂದಾಳುತನ, ಜೊತೆಗೆ ಆಸ್ಟ್ರೇಲಿಯಾ, ಫಿಜಿ, ವನುವಾಟು. ಪಾಂಗುನಾ ತಾಮ್ರದ ಗಣಿಯ ಜಗಳ 1988ರಲ್ಲಿ ಬಂಡುಕೋರರ ಮತ್ತು ಸರ್ಕಾರದ ನಡುವಿನ ಯುದ್ಧಕ್ಕೆ ತಿರುಗಿ ಸಾವಿರಾರು ಜೀವಗಳನ್ನು ನುಂಗಿತ್ತು. ಅಂಥ ನೆಲದಲ್ಲಿ ಹಳದಿ ಅಂಗಿ ತೊಟ್ಟು ಬರಿಗೈಲಿ ಓಡಾಡುವುದು ಹುಂಬತನದಂತೆ ಕಾಣಬಹುದು. ಅಲ್ಲ, ಅದರ ಹಿಂದೆ ಲೆಕ್ಕವಿತ್ತು. ಆಯುಧವಿಲ್ಲದ ಅತಿಥಿಯನ್ನು ಕಾಯುವ ಹೊಣೆ ತಾನಾಗಿ ಊರವರ ಹೆಗಲಿಗೇ ಬೀಳುತ್ತದೆ.

ಗಸ್ತು ಎಂದರೆ ಇಲ್ಲಿ ಹೆಚ್ಚಾಗಿ ಕೂತು ಮಾತು ಕೇಳುವುದು. ದ್ವೀಪದ ಬಹುಪಾಲು ಕಡೆ ಭೂಮಿ ತಾಯಿಯ ವಂಶದ ಕಡೆಯಿಂದ ಬರುತ್ತದೆ. ಹೆಂಗಸರ ಮಾತಿಲ್ಲದೆ ರಾಜಿ ನಿಲ್ಲುವುದಿಲ್ಲ. ಅದಕ್ಕೇ ತಂಡಗಳಲ್ಲಿ ಮಹಿಳಾ ವೀಕ್ಷಕರಿದ್ದರು. ವನುವಾಟುವಿನವರ ಮಾತು ಅಲ್ಲಿನ ಟೋಕ್ ಪಿಸಿನ್‌ಗೆ ತೀರಾ ಹತ್ತಿರ, ಅವರಿಗೆ ದುಭಾಷಿ ಬೇಕಿರಲಿಲ್ಲ. ಗಾಳಿಸುದ್ದಿ ಹಬ್ಬಿ ಮತ್ತೆ ಗುಂಡು ಹಾರದಿರಲೆಂದು 'ನ್ಯೂಸ್ ಬ್ಲಾಂಗ್ ಪೀಸ್' ಎಂಬ ಪುಟ್ಟ ಪತ್ರಿಕೆಯನ್ನೂ ಹಂಚುತ್ತಿದ್ದರು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬೀಗದ ಏರ್ಪಾಡು. 2001ರ ಶಾಂತಿ ಒಪ್ಪಂದದ ಪ್ರಕಾರ ಬಂದೂಕುಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮೊದಲು ಟ್ರಂಕಿಗೆ ತುಂಬಿ ಆಯಾ ಗುಂಪಿನ ನಾಯಕನ ವಶದಲ್ಲೇ ಇಟ್ಟರು. ಆಮೇಲೆ ಟ್ರಂಕುಗಳು ಉಕ್ಕಿನ ಕಂಟೇನರ್ ಸೇರಿದವು. ಬ್ಯಾಂಕ್ ಲಾಕರಿನಂತೆ ಅದಕ್ಕೆ ಎರಡು ಕೀಲಿ: ಒಂದು ನಾಯಕನ ಕೈಲಿ, ಇನ್ನೊಂದು ವಿಶ್ವಸಂಸ್ಥೆಯ ಪ್ರತಿನಿಧಿಯ ಕೈಲಿ. ನಾಶಮಾಡುವ ಮಾತು ಕೊನೆಗೆ. ಸೋತೆನೆಂಬ ಅವಮಾನ ಯಾರಿಗೂ ತಟ್ಟದಂತೆ ಆಯುಧ ಕೆಳಗಿಡಿಸಿದ ಈ ಜಾಣತನಕ್ಕೆ ತಲೆದೂಗಲೇಬೇಕು.

ಎಲ್ಲರೂ ಒಪ್ಪಿದರೆಂದಲ್ಲ. ಬಂಡುಕೋರರ ನಾಯಕ ಫ್ರಾನ್ಸಿಸ್ ಓನಾನ ಬಣ ದೂರವೇ ಉಳಿಯಿತು. ಪಾಂಗುನಾ ಸುತ್ತ ವೀಕ್ಷಕರಿಗೆ ಪ್ರವೇಶವಿರಲಿಲ್ಲ. ಆದರೂ 2003ರಲ್ಲಿ ಪಡೆ ಹಿಂದಿರುಗುವವರೆಗೆ ಗುಂಡೇಟಿಗೆ ಒಬ್ಬ ವೀಕ್ಷಕನೂ ಬಲಿಯಾಗಲಿಲ್ಲ. ಆ ಒಪ್ಪಂದದಂತೆ 2019ರ ಜನಮತಗಣನೆಯೂ ಶಾಂತವಾಗಿಯೇ ನಡೆಯಿತು, ಶೇ 97ಕ್ಕೂ ಹೆಚ್ಚು ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು.

ಈಗ ಇಂಥ ಪ್ರಾದೇಶಿಕ ಶಾಂತಿಪಡೆಗಳ ಚರ್ಚೆಯೆಲ್ಲ ದುಡ್ಡಿನ ಸುತ್ತಲೇ. ಆಫ್ರಿಕನ್ ಒಕ್ಕೂಟದ ಕಾರ್ಯಾಚರಣೆಗಳ ವೆಚ್ಚದಲ್ಲಿ ಶೇ 75ರವರೆಗೆ ವಿಶ್ವಸಂಸ್ಥೆ ಭರಿಸಲು 2023ರ ಡಿಸೆಂಬರಿನ 2719ನೇ ನಿರ್ಣಯ ದಾರಿ ತೆರೆದಿದೆ. ಆದರೂ 2025ರಲ್ಲಿ ಸೊಮಾಲಿಯಾದಲ್ಲಿ ಶುರುವಾದ ಹೊಸ ಪಡೆ ಹಣಕ್ಕೆ ಪರದಾಡುತ್ತಿದೆ. ಅಲ್ಲಿನ ಅಲ್ ಶಬಾಬ್ ಉಗ್ರರ ಎದುರು ಹಳದಿ ಅಂಗಿ ಸಾಲದು, ಸರಿ. ಆದರೆ ಎಲ್ಲ ಜಗಳವೂ ಸೊಮಾಲಿಯಾದ್ದಲ್ಲ. ಎರಡೂ ಕಡೆಯವರು ದಣಿದು ಮಾತಿಗೆ ಕುಳಿತಿರುವಲ್ಲಿ, ನೆರೆಯ ಭಾಷೆ ಬಲ್ಲ ಮುನ್ನೂರು ಜನ ಮತ್ತು ಎರಡು ಕೀಲಿಯ ಪೆಟ್ಟಿಗೆಗಳಿಗೆ ತಗಲುವ ಖರ್ಚು ತೀರಾ ಕಡಿಮೆ.