ಲೆವೊಫ್ಲಾಕ್ಸಾಸಿನ್ ಮಾತ್ರೆ: ವಯಸ್ಕರಿಗೆ ತಿಳಿವಳಿಕೆ

ದಾವಣಗೆರೆ–ಹರಿಹರ ನಡುವಿನ ಬಾತಿ ಹಾಗೂ ಸುತ್ತಲಿನ ಸಾರ್ವಜನಿಕರ ಗಮನಕ್ಕೆ.

ಉಪಯೋಗ: ನ್ಯುಮೋನಿಯಾ, ಮೂತ್ರಪಿಂಡದ ಸೋಂಕು ಮುಂತಾದ ಬ್ಯಾಕ್ಟೀರಿಯಾ ಸೋಂಕುಗಳಿಗೆ ಹಾಗೂ ಔಷಧ ನಿರೋಧಕ ಕ್ಷಯಕ್ಕೆ ವೈದ್ಯರು ನೀಡುವರು. ನೆಗಡಿಗೆ ಇದರಿಂದ ಪ್ರಯೋಜನವಿಲ್ಲ.

ಪ್ರಮಾಣ: ಸಾಮಾನ್ಯವಾಗಿ ದಿನಕ್ಕೊಮ್ಮೆ 500 ಅಥವಾ 750 ಮಿ.ಗ್ರಾಂ. ಮೂತ್ರಪಿಂಡದ ತೊಂದರೆಯಿದ್ದಲ್ಲಿ ವೈದ್ಯರು ಪ್ರಮಾಣವನ್ನು ಬದಲಿಸುವರು. ಆಮ್ಲಶಾಮಕ ಅಥವಾ ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ 2 ಗಂಟೆಗಳ ಅಂತರವಿರಲಿ.

ಎಚ್ಚರಿಕೆ: ಹಿಮ್ಮಡಿಯ ಸ್ನಾಯುರಜ್ಜು ನೋವು, ಕೈಕಾಲು ಜುಮ್ಮುಗಟ್ಟುವಿಕೆ ಕಂಡುಬಂದಲ್ಲಿ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. 60 ವರ್ಷ ಮೀರಿದವರಿಗೂ ಸ್ಟೀರಾಯ್ಡ್ ಸೇವಿಸುವವರಿಗೂ ಅಪಾಯ ಹೆಚ್ಚು. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಏರುಪೇರಾಗಬಹುದು.

ಮುಖ್ಯ ಸೂಚನೆ: ಈ ಮಾತ್ರೆ ಕ್ಷಯದ ಲಕ್ಷಣಗಳನ್ನು ತಾತ್ಕಾಲಿಕವಾಗಿ ತಗ್ಗಿಸಿ ರೋಗಪತ್ತೆಯನ್ನು ತಡಮಾಡಬಲ್ಲದು. ಆದುದರಿಂದ 2 ವಾರ ಮೀರಿದ ಕೆಮ್ಮಿಗೆ ಮೊದಲು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ ಕಫ ಪರೀಕ್ಷೆ ಮಾಡಿಸಿಕೊಳ್ಳುವುದು. 2014ರ ಮಾರ್ಚ್‌ನಿಂದ ಎಚ್-1 ಅನುಸೂಚಿಯಲ್ಲಿರುವ ಈ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.