ಹಾದಿಯೊಂದು, ಪಾಲುದಾರರು ಹಲವರು

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯು 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ನೀಡಲಾಗುವ ಈ ಮನ್ನಣೆ ಅದೇ ಸಂದರ್ಭದಲ್ಲಿ ರಾಜ್ಯದ ಅಘನಾಶಿನಿ ಅಳಿವೆಗೂ ಮಾಗಡಿ ಕೆರೆಗೂ ದೊರೆಯಿತು. ಸುಮಾರು 98 ಹೆಕ್ಟೇರ್ ವಿಸ್ತಾರದ ಅಂಕಸಮುದ್ರವು ಮೂಲತಃ ನೀರಾವರಿಗೆಂದು ಹಿರಿಯರು ಕಟ್ಟಿಸಿದ ಕೆರೆ. ನೀರಿನ ನಡುವೆ ಬೆಳೆದ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು ಮೊದಲಾದ ಹಕ್ಕಿಗಳು ಗೂಡು ಕಟ್ಟುತ್ತವೆ. ಇಲ್ಲಿ ತಂಗುವ ನೀರುಹಕ್ಕಿಗಳ ಸಂಖ್ಯೆ 30,000ಕ್ಕೂ ಮಿಗಿಲೆಂದು ದಾಖಲಾಗಿದೆ.

ಹೆಸರು ಬಂದ ಮೇಲೆ ಜನರೂ ಬರುತ್ತಾರೆ. ಜನ ಬಂದರೆ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಪಟ್ಟಣಗಳ ವರ್ತಕರಿಗೂ ಒಂದಿಷ್ಟು ವ್ಯಾಪಾರ ಬರುವುದು ಸಹಜ. ಕೆರೆದಂಡೆಯ ಮೇಲೆ ನಡಿಗೆಯ ಹಾದಿ, ಕುದುರೆ ಸವಾರಿ, ಬ್ಯಾಟರಿ ವಾಹನ ಮುಂತಾದ ಸಲಹೆಗಳು ಇಂಥ ಸ್ಥಳಗಳ ಬಗ್ಗೆ ಕೇಳಿಬರುವುದೂ ಸಾಮಾನ್ಯವೇ. ಹಣ ಹೂಡುವ ಮೊದಲು, ಇಂಥ ಹಾದಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದ ಊರೊಂದರ ಲೆಕ್ಕವನ್ನು ನೋಡುವುದು ಒಳ್ಳೆಯದು.

ಮಾಥೇರಾನ್ ಕಲಿಸುವ ಪಾಠ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಗಿರಿಧಾಮ ಮಾಥೇರಾನ್ ಕೇವಲ 7 ಚದರ ಕಿ.ಮೀ. ವಿಸ್ತಾರದ್ದು. ಮೋಟಾರು ವಾಹನಗಳು ದಸ್ತೂರಿ ನಾಕಾದಲ್ಲಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಅನೇಕ ಪ್ರವಾಸಿಗಳು ನಡೆಯುತ್ತಾರೆ, ಇಲ್ಲವೇ ಕುದುರೆ ಏರುತ್ತಾರೆ. ನೇರಳ್‌ನಿಂದ ಪುಟ್ಟ ರೈಲು 1907ರಲ್ಲಿ ಬಂದಿತು. ದಟ್ಟ ಮರಗಳ ನಡುವಿನ ಕೆಮ್ಮಣ್ಣಿನ ಹಾದಿಗಳಲ್ಲಿ, ಶಾರ್ಲೆಟ್ ಕೆರೆಯ ದಡದಲ್ಲಿ, ಪಾದಚಾರಿಗಳೂ ಕುದುರೆ ಸವಾರರೂ ಒಂದೇ ದಾರಿಯನ್ನು ಬಳಸುತ್ತಾರೆ. 2003ರಲ್ಲಿ ಕೇಂದ್ರ ಸರ್ಕಾರವು ಈ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು.

ವಾಹನ ಬಿಡದಿದ್ದರೆ ವ್ಯಾಪಾರ ಕೆಡುತ್ತದೆಂಬುದು ಅನೇಕರ ಭಾವನೆ. ಮಾಥೇರಾನ್‌ನಲ್ಲಿ ಆಗಿರುವುದು ಬೇರೆ. ಮೌನವೇ ಅಲ್ಲಿನ ಸರಕು. ಅದನ್ನು ಕೊಳ್ಳಲೆಂದೇ ಮುಂಬಯಿಯ ಜನ ಬರುತ್ತಾರೆ. ವಸತಿಗೃಹ, ಉಪಾಹಾರ ಗೃಹ, ಕುದುರೆ ಮಾಲೀಕ ಎಲ್ಲರೂ ಅದರಿಂದಲೇ ಬದುಕುತ್ತಾರೆ.

ಹಾಗೆಂದು ಅಲ್ಲಿ ತಕರಾರಿಲ್ಲವೆಂದಲ್ಲ. ಗೊರಸು ಮತ್ತು ಮಳೆಯಿಂದ ಮಣ್ಣಿನ ಹಾದಿ ಕೊರೆದುಹೋಗುತ್ತದೆ. ಬೇಸಿಗೆಯಲ್ಲಿ ಧೂಳು, ಲದ್ದಿಯ ಸಮಸ್ಯೆ. ಹಾಸುಗಲ್ಲು ಹಾಕಿದರೆ ಕುದುರೆಗಳ ಕಾಲು ಜಾರುತ್ತದೆಂಬುದು ಕುದುರೆ ಮಾಲೀಕರ ಆಕ್ಷೇಪ. ಮನುಷ್ಯರು ಎಳೆಯುವ ರಿಕ್ಷಾಗಳಿಗೆ ಬದಲಾಗಿ 2022ರ ಡಿಸೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾ ಬಂದಾಗ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿತ್ತು. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಕೈರಿಕ್ಷಾ ಪದ್ಧತಿಯನ್ನು ಆರು ತಿಂಗಳೊಳಗೆ ನಿಲ್ಲಿಸುವಂತೆ ಆದೇಶಿಸಿತು. ಕರಾರಿಲ್ಲದ ಪಾಲುದಾರಿಕೆ ಕಟಕಟೆಯಲ್ಲಿ ನಿಲ್ಲುತ್ತದೆಂಬುದು ವ್ಯಾಪಾರದಲ್ಲಿ ಎಷ್ಟು ನಿಜವೋ ಹಾದಿಯ ವಿಷಯದಲ್ಲಿಯೂ ಅಷ್ಟೇ ನಿಜ.

ದಾರಿ ಬಿಡುವ ನಿಯಮ

ಹಂಚಿಕೊಂಡ ಹಾದಿಗೆ ಕೆಲವು ಸರಳ ನಿಯಮಗಳಿವೆ. ಇಂಗ್ಲೆಂಡಿನ 1968ರ ಗ್ರಾಮಾಂತರ ಕಾಯಿದೆಯು ಕುದುರೆ ಹಾದಿಗಳಲ್ಲಿ ಸೈಕಲ್ಲಿಗೆ ಅವಕಾಶ ನೀಡಿತು. ಆದರೆ ಸೈಕಲ್ ಸವಾರನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂದು ವಿಧಿಸಿತು. ಅನೇಕ ದೇಶಗಳಲ್ಲಿ ನಡೆಯುವವರು ಕುದುರೆಗೆ ದಾರಿ ಬಿಡುವುದು ವಾಡಿಕೆ. ಕುದುರೆ ಬೆದರುವ ಪ್ರಾಣಿ. ಅದು ಎದುರಾದಾಗ ಬದಿಗೆ ಸರಿದು ನಿಂತು ಮೆಲುದನಿಯಲ್ಲಿ ಮಾತನಾಡಿದರೆ ಮನುಷ್ಯನಿದ್ದಾನೆಂದು ಅದಕ್ಕೆ ತಿಳಿಯುತ್ತದೆ. ಹಿಂದಿನಿಂದ ಸದ್ದಿಲ್ಲದೆ ಹೋಗಬಾರದು, ಕೊಡೆಯನ್ನು ಥಟ್ಟನೆ ಬಿಚ್ಚಬಾರದು. ನಿಯಮದ ತಿರುಳು ಇಷ್ಟೇ: ಯಾರಿಂದ ಹೆಚ್ಚು ಅಪಾಯವೋ, ಯಾರು ಬೇಗ ಬೆದರುತ್ತಾರೋ, ಅವರನ್ನು ನೋಡಿ ಉಳಿದವರು ನಡೆದುಕೊಳ್ಳಬೇಕು.

ಈ ಸೀಮೆಯ ಜನರಿಗೆ ಇದು ಹೊಸದಲ್ಲ. ಕುದುರೆಯೇ ವಾಹನವಾದ ಮೈಲಾರಲಿಂಗನ ಜಾತ್ರೆಗೆ ಹಡಗಲಿ ತಾಲೂಕಿನ ದಾರಿಗಳಲ್ಲಿ ಎತ್ತಿನ ಬಂಡಿಗಳೂ ಪಾದಯಾತ್ರಿಗಳೂ ಒಟ್ಟಿಗೆ ಸಾಗುತ್ತಾರೆ.

ಅಂಕಸಮುದ್ರದ ಪಾಲುದಾರರು

ಅಂಕಸಮುದ್ರದಲ್ಲಿ ಬೇಗ ಬೆದರುವವು ಹಕ್ಕಿಗಳು. ತಾಯಿಹಕ್ಕಿ ಗೂಡು ಬಿಟ್ಟು ಹಾರಿದರೆ ಮೊಟ್ಟೆಗಳು ಬಿಸಿಲಿಗೆ ಒಣಗುತ್ತವೆ, ಕಾಗೆಗಳ ಪಾಲಾಗುತ್ತವೆ. ಆದುದರಿಂದ ಗೂಡುಗಳ ಸಮೀಪ ಕುದುರೆ, ವಾಹನ, ಧ್ವನಿವರ್ಧಕ ಯಾವುದೂ ಸಲ್ಲದು; ನಡೆಯುವವರೂ ಅಂತರ ಕಾಯ್ದುಕೊಳ್ಳಬೇಕು. ರೈತರು, ಕುರಿಗಾಹಿಗಳು, ಗ್ರಾಮಸ್ಥರು ಈ ಕೆರೆಯ ಹಳೆಯ ಪಾಲುದಾರರು. ಪ್ರವಾಸಿಯು ಕೊನೆಗೆ ಬಂದವನು. ದಾರಿ ಬಿಡಬೇಕಾದವನೂ ಅವನೇ.

ಅಂಕಸಮುದ್ರವು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ಅಂಥ ಪ್ರದೇಶಗಳಿಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರುವ ನಿರ್ವಹಣಾ ಸಮಿತಿಯನ್ನು ವನ್ಯಜೀವಿ ಕಾನೂನು ಕಲ್ಪಿಸಿದೆ. ವರ್ತಕರು ತಮ್ಮ ಸಲಹೆಗಳನ್ನು ಆ ಮೂಲಕ ಮಂಡಿಸುವುದು ಸರಿಯಾದ ಕ್ರಮ.

ಗಳಿಕೆ ಎಲ್ಲಿ?

ಗಳಿಕೆಯು ಕೆರೆಯ ಏರಿಯಿಂದ ದೂರದಲ್ಲಿರಬೇಕು. ವಾಹನ ನಿಲುಗಡೆ, ಊಟ, ವಸತಿ, ದುರ್ಬೀನು ಬಾಡಿಗೆ, ಸ್ಥಳೀಯ ಯುವಕರ ಮಾರ್ಗದರ್ಶನ, ಇವು ಊರಿನ ಬಳಿ ನಡೆಯಬಹುದು. ಕುದುರೆ ಸವಾರಿ ಬೇಕೆಂದಾದರೆ ಅದಕ್ಕೂ ಗೂಡುಗಳಿಂದ ದೂರದಲ್ಲಿ ಪ್ರತ್ಯೇಕ ಹಾದಿ ಇರಲಿ.

ತೆರಿಗೆಯ ಎರಡು ಅಂಶಗಳನ್ನು ನೆನಪಿಡಬೇಕು. ಸೇವೆ ಒದಗಿಸುವವರ ವಾರ್ಷಿಕ ಒಟ್ಟು ವಹಿವಾಟು 20 ಲಕ್ಷ ರೂ. ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಈಗಾಗಲೇ ನೋಂದಣಿ ಹೊಂದಿರುವ ವರ್ತಕನು ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟರೂ ಆ ಆದಾಯವು ಅವನ ಒಟ್ಟು ವಹಿವಾಟಿಗೆ ಸೇರುತ್ತದೆ. ದಿನಕ್ಕೆ 7,500 ರೂ.ವರೆಗಿನ ಹೋಟೆಲ್ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ರ ದರವಿದ್ದು, ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ.

ಕಟ್ಟಡಕ್ಕೂ ಯಂತ್ರಕ್ಕೂ ಪ್ರತಿ ವರ್ಷ ಸವಕಳಿ ಬರೆಯುವ ವ್ಯಾಪಾರಿಯು ಕೆರೆಯ ಸವಕಳಿಯನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಒಂದು ಋತುವಿನಲ್ಲಿ ಬೆದರಿದ ಹಕ್ಕಿಗಳು ಮುಂದಿನ ಋತುವಿಗೆ ಬಾರದಿದ್ದರೆ ಪ್ರವಾಸಿಯೂ ಬಾರನು. ಸಾಲ ತೆಗೆದು ಕಟ್ಟಿದ ಕೋಣೆಗಳ ಕಂತು ಮಾತ್ರ ತಪ್ಪದೆ ಬರುತ್ತದೆ. ಕೆರೆ, ಜಾಲಿ ಮರ, ಹಕ್ಕಿ ಇವು ಮೂಲಧನ; ಬರುವ ಪ್ರವಾಸಿ ಅದರ ಬಡ್ಡಿ. ಮೂಲಧನವನ್ನು ಮುಟ್ಟದೆ ಬಡ್ಡಿಯಲ್ಲಿ ಬಾಳುವುದನ್ನು ಈ ಭಾಗದ ವರ್ತಕ ಮನೆತನಗಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅಂಕಸಮುದ್ರದ ಹಾದಿಯಲ್ಲಿಯೂ ಅದೇ ಲೆಕ್ಕವನ್ನು ಪಾಲಿಸಿದರೆ ಸಾಕು.