ಹಿತ್ತಲಿಗೆ ನಿತ್ಯಹಸುರಿನ ಬೇಲಿ

ಮನೆಯ ಹಿತ್ತಲಿಗೂ ಬಾವಿಯ ಬಳಿಯ ಕೈತೋಟಕ್ಕೂ ಹಾಕತಕ್ಕ ಬೇಲಿಯು ಎರಡು ಕೆಲಸಗಳನ್ನು ಮಾಡಬೇಕು. ದಾರಿಹೋಕರ ದೃಷ್ಟಿಗೆ ಮರೆಯಾಗಬೇಕು; ಆಡುದನಗಳನ್ನು ಹೊರಗಿಡಬೇಕು. ಮಳೆಗಾಲದಲ್ಲಿ ಯಾವ ಗಿಡವಾದರೂ ಇಷ್ಟನ್ನು ಮಾಡೀತು. ನಮ್ಮ ಬಯಲುಸೀಮೆಯಲ್ಲಿ ಬೇಲಿಯ ಪರೀಕ್ಷೆಯಾಗುವುದು ಫಾಲ್ಗುಣ ಚೈತ್ರಗಳಲ್ಲಿ. ಹೊಲಗಳು ಬರಿದಾಗಿ, ಬಿಟ್ಟ ದನಗಳು ಹಸುರನ್ನು ಹುಡುಕುತ್ತ ತಿರುಗುವ ಆ ದಿನಗಳಲ್ಲಿಯೇ ಅನೇಕ ಬೇಲಿಗಳು ಎಲೆಯುದುರಿ ಬರಿಯ ಕಡ್ಡಿಗಳಾಗಿ ನಿಲ್ಲುತ್ತವೆ. ಆದುದರಿಂದ ಗಿಡವನ್ನು ಬೇಸಗೆಯಲ್ಲಿ ನೋಡಿ ಆರಿಸತಕ್ಕದ್ದು.

ಗ್ಲಿರಿಸಿಡಿಯವೂ ಕಾಡುಹರಳೂ ಕೊಂಬೆ ನೆಟ್ಟರೆ ಚಿಗುರುವುದರಿಂದ ಬಹು ಜನರಿಗೆ ಪ್ರಿಯವಾಗಿವೆ. ಮೊದಲನೆಯದು ಹಸುರೆಲೆ ಗೊಬ್ಬರಕ್ಕೆ ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಣ ಹವೆಯಲ್ಲಿ ಎರಡೂ ಎಲೆ ಕಳೆದುಕೊಳ್ಳುತ್ತವೆ. ಇವು ಹೊಲದ ಬದುವಿಗೆ ಸರಿ, ಮನೆಯ ಮರೆಗೆ ಸಲ್ಲವು.

ಕೆಂಪು ಮಣ್ಣಿನ ಒಣ ಭೂಮಿಗೆ ಬಂದರಿಕೆ ಗಿಡಕ್ಕೆ ಸಮನಾದುದು ವಿರಳ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕುರುಚಲು ಗುಡ್ಡಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಅಂಟಂಟಾಗಿ ಹೊಳೆಯುವ ಇದರ ಎಲೆಯನ್ನು ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮುಳ್ಳಿಲ್ಲವಾದ್ದರಿಂದ ಮಕ್ಕಳಿರುವ ಮನೆಗೆ ಅನುಕೂಲ. ಬೀಜದ ಸಿಪ್ಪೆ ಗಟ್ಟಿಯಾದ ಕಾರಣ ಹಾಗೆಯೇ ಬಿತ್ತಿದರೆ ಮೊಳಕೆ ಕಡಮೆ. ನೀರನ್ನು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಅದರಲ್ಲಿ ಬೀಜವನ್ನು ಹಾಕಿ, ಒಂದು ರಾತ್ರಿ ನೆನೆಯಿಟ್ಟು ಬಿತ್ತಬೇಕು. ಬೀಜವನ್ನು ಒಲೆಯ ಮೇಲೆಯೇ ಕುದಿಸಿ ಕೆಡಿಸುವವರೂ ಉಂಟು.

ಆಡುಗಳ ಕಾಟ ಹೆಚ್ಚಾಗಿರುವಲ್ಲಿ ಮುಳ್ಳಿನ ಕರಂಡೆ, ಎಂದರೆ ಕವಳೆಕಾಯಿಯ ಗಿಡ ಲೇಸು. ಇದು ವರ್ಷವೆಲ್ಲ ಹಸುರಾಗಿರುತ್ತದೆ; ಉಪ್ಪಿನಕಾಯಿಗೆ ಕಾಯಿ ದೊರೆಯುವುದು ಮೇಲಿನ ಲಾಭ. ಬೆಳವಣಿಗೆ ಮಾತ್ರ ನಿಧಾನ; ಮೊದಲ ಕೆಲವು ವರ್ಷ ಹೊರಗಡೆ ಒಣಮುಳ್ಳಿನ ಬೇಲಿಯನ್ನು ಇಟ್ಟುಕೊಳ್ಳಬೇಕಾಗುವುದು. ಬೀಜವು ಬೇಗ ಸತ್ವಗೆಡುವುದರಿಂದ ಹಣ್ಣಿನಿಂದ ತೆಗೆದೊಡನೆ ಒಟ್ಲುಪಾತಿಯಲ್ಲಿ ಹಾಕಬೇಕು. ನೆರಳೂ ತೇವವೂ ಇರುವ ಮೂಲೆಗೆ ಆಡುಸೋಗೆಯ ಕಡ್ಡಿಗಳನ್ನು ನೆಟ್ಟರೆ ಸಾಕು.

ನಿತ್ಯಹಸುರಾದ ಗಿಡವೆಲ್ಲ ನಿರಪಾಯವೆಂದು ಮಾತ್ರ ಭಾವಿಸಬಾರದು. ಕಣಗಿಲೆಯು ಬೇಸಗೆಯಲ್ಲಿಯೂ ಹಸುರಾಗಿ, ಹೂವಿನಿಂದ ಅಂದವಾಗಿರುವುದರಿಂದ ಕೆಲವರು ಅದನ್ನೇ ಸಾಲಾಗಿ ನೆಡುತ್ತಾರೆ. ಅದರ ಸರ್ವಾಂಗವೂ ವಿಷ. ಒಣಗಿದ ಎಲೆಯಲ್ಲಿಯೂ ವಿಷವು ಉಳಿಯುತ್ತದೆ. ಹಸಿಯ ಗಿಡವನ್ನು ಕಹಿಯೆಂದು ಬಿಟ್ಟ ದನವು ಕತ್ತರಿಸಿ ಹಾಕಿದ ಸೊಪ್ಪು ಮೇವಿನೊಡನೆ ಬೆರೆತರೆ ತಿಂದು ಸಾಯುತ್ತದೆ. ಕೊಟ್ಟಿಗೆಯಿರುವ ಮನೆಯವರು ಇದನ್ನು ಬೇಲಿಗೆ ಉಪಯೋಗಿಸಲೇಬಾರದು. ಲಂಟಾನವೂ ದನಗಳಿಗೆ ವಿಷವೇ. ಮೇಲಾಗಿ ಹಕ್ಕಿಗಳು ಅದರ ಬೀಜವನ್ನು ಊರೆಲ್ಲ ಹರಡುತ್ತವೆ. ಪಾಪಾಸುಕಳ್ಳಿಯ ಕಥೆಯೂ ಹೀಗೆಯೇ. ಹೊರದೇಶದಿಂದ ಬಂದು ಬೇಲಿಗೆ ನಿಂತ ಅದು ಹೊಲಗಳನ್ನೇ ಆಕ್ರಮಿಸಿತು. ೧೯೨೬ರಲ್ಲಿ ದಕ್ಷಿಣ ಭಾರತಕ್ಕೆ ತರಿಸಿದ ಕೊಚಿನೀಲ್ ಹುಳುವು ರಸ ಹೀರಿ ಕೊಂದ ಮೇಲೆಯೇ ಅದರ ಹಾವಳಿ ತಗ್ಗಿದ್ದು.

ನೆಡುವುದಕ್ಕೆ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆಯನ್ನು ಬೇಸಗೆಯಲ್ಲಿಯೇ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣನ್ನು ತುಂಬಿ, ಮುಂಗಾರು ಹಿಡಿದ ಮೇಲೆ ಸಸಿಗಳನ್ನು ಇಡತಕ್ಕದ್ದು. ಬಂದರಿಕೆಗೆ ಒಂದು ಅಡಿ, ಕರಂಡೆಗೆ ಎರಡು ಅಡಿ ಅಂತರ ಸಾಕು. ಸಸಿ ಮೊಳದುದ್ದವಾದ ಕೂಡಲೆ ತುದಿಯನ್ನು ಚಿವುಟಬೇಕು. ಬೇಗ ಎತ್ತರವಾಗಲೆಂಬ ಆಸೆಯಿಂದ ಇದನ್ನು ಮಾಡದವರ ಬೇಲಿಯು ಮೇಲೆ ದಟ್ಟವಾಗಿ, ಬುಡದಲ್ಲಿ ಕುರಿಮರಿ ನುಸುಳುವಷ್ಟು ಬರಿದಾಗುತ್ತದೆ. ಆ ಮೇಲೆ ಅದನ್ನು ಸರಿಪಡಿಸುವುದು ಕಷ್ಟ. ಕತ್ತರಿಸುವಾಗ ಬುಡ ಅಗಲವಾಗಿಯೂ ತಲೆ ಕಿರಿದಾಗಿಯೂ ಇರುವಂತೆ ಕತ್ತರಿಸಿದರೆ ಕೆಳಗಿನ ಎಲೆಗಳಿಗೂ ಬಿಸಿಲು ತಾಕುವುದು.

ಎಲ್ಲೆಯ ಗೆರೆಯ ಮೇಲೆಯೇ ಸಸಿ ಇಡುವ ವಾಡಿಕೆಯು ವ್ಯಾಜ್ಯಕ್ಕೆ ಬೀಜ. ಗಿಡವು ಹಬ್ಬಿದಂತೆಲ್ಲ ನೆರೆಯವನ ನೆಲವೂ ಸ್ವಲ್ಪ ಸ್ವಲ್ಪವಾಗಿ ಬೇಲಿಯೊಳಗೆ ಸೇರುತ್ತದೆ. ಗ್ರಾಮದ ಮುಖಂಡರು ಇಂಥ ತಕರಾರುಗಳನ್ನು ಎಷ್ಟೋ ಕೇಳಿರುವರು. ಎಲ್ಲೆಕಲ್ಲುಗಳು ಕಾಣುವಂತೆ ಮೂರು ಅಡಿ ಒಳಗೆ ನೆಡಿಸಿದರೆ ಹೊರಗಡೆಯನ್ನು ಕತ್ತರಿಸುವುದಕ್ಕೂ ತನ್ನ ನೆಲದಲ್ಲಿಯೇ ನಿಲ್ಲಬಹುದು.